ನಡುಮನೆಯ ಹೊಳೆ

ನಮ್ಮ ಮನೆಗೆ ಊಟಕ್ಕೆ ಬರುವವರು ಒಂದು ವಿಷಯ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಎಲೆ ಹಾಕಿ ಎಷ್ಟು ಹೊತ್ತಾದರೂ ಅನ್ನ ಬರದಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಅಡುಗೆ ಹೊತ್ತಿಗೆ ಸರಿಯಾಗಿ ಆಗಿರುತ್ತದೆ. ಸಾರು ಕುದಿದು, ಒಗ್ಗರಣೆ ಬಿದ್ದು, ಮುಚ್ಚಳ ಹಾಕಿಕೊಂಡು ಕೂತಿರುತ್ತದೆ. ಆದರೆ ನಮ್ಮ ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಹೊಳೆಯಿದೆ, ಅದನ್ನು ದಾಟದೆ ಸಾರು ಎಲೆಗೆ ಬೀಳುವಂತಿಲ್ಲ. ನನ್ನ ಬೀಗರು ಇದನ್ನು ನಂಬುವುದಿಲ್ಲ. ಸರ್ವಮಂಗಳೆಗೆ ವಯಸ್ಸಾಯಿತು, ಮೊದಲಿನ ಹಾಗೆ ಕೈ ಸಾಗುವುದಿಲ್ಲ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರು ಬೇರೆ ಊರಿನವರು.

ನಮ್ಮೂರಿನವರಿಗಾದರೆ ಬಿಡಿಸಿ ಹೇಳಬೇಕಾದ್ದಿಲ್ಲ. ಇಲ್ಲಿ ಬಾಯಲ್ಲಿ ಒಂದಾದರೂ ಹಾಲುಹಲ್ಲು ಇರುವ ತನಕ ಮಗು ಆಟದಲ್ಲಿ ಏನು ಅಂದರೆ ಅದು ಹಾಗೆಯೇ. ಕಂಬವನ್ನು ಆನೆ ಅಂದರೆ ಆನೆ. ಸಂಜೆಯೊಳಗೆ ಅದಕ್ಕೆ ಹುಲ್ಲು ಹೊಂದಿಸಬೇಕು. ಶುರು ಮಾಡಿದ ಮಗುವೇ 'ಆಟ ಮುಗೀತು' ಅನ್ನಬೇಕು, ಅದೂ ಮನಸ್ಸಿಟ್ಟು. ಗದರಿಸಿ ಅನ್ನಿಸಿದರೆ ಆನೆ ಕದಲುವುದಿಲ್ಲ. ಕೊನೆಯ ಹಾಲುಹಲ್ಲು ಬಿದ್ದ ಮೇಲೆ ಮಗು ಏನು ಅಂದರೂ ಅದು ಬರೀ ಮಾತು. ಅಷ್ಟರೊಳಗೆ ಮುಗಿಸದ ಆಟ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಪಕ್ಕದ ಬೀದಿಯ ಶಂಕ್ರಪ್ಪಜ್ಜ ಹುಡುಗರಾಗಿದ್ದಾಗ ತಮ್ಮ ಮನೆಯ ಜಗಲಿಯನ್ನು ಬಸ್ಸು ಮಾಡಿದರು. ಮುಗಿಸುವ ಮೊದಲೇ ಹುಣಸೆಮರದಿಂದ ಬಿದ್ದು, ಉಳಿದಿದ್ದ ಒಂದು ಹಲ್ಲನ್ನೂ ಕಳೆದುಕೊಂಡರು. ಇವತ್ತಿಗೂ ಅವರ ಮನೆಗೆ ಹೋಗುವವರು ಟಿಕೆಟ್ ತೆಗೆದುಕೊಂಡೇ ಜಗಲಿ ಹತ್ತಬೇಕು, ಅಜ್ಜನೂ ಸೇರಿ. ಹಬ್ಬದ ದಿನ ನೆಂಟರು ಹೆಚ್ಚಾದರೆ ಪಾಪ, ಅಜ್ಜ ಸೀಟು ಸಿಗದೆ ನಿಂತಿರುತ್ತಾರೆ.

ಇಂಥ ಊರಿನಲ್ಲಿ ಸಂಸಾರ ಮಾಡುವವರು ತಮ್ಮ ಎಚ್ಚರದಲ್ಲಿ ತಾವಿರಬೇಕು. ಅದಕ್ಕೇ ಇಲ್ಲಿ ಮನೆಗೆ ಪಾಯ ಹಾಕುವಾಗ ದೇವರ ಕೋಣೆಯ ಜೊತೆಗೇ ಆಟದ ಕೋಣೆಗೂ ಗುರುತು ಹಾಕುತ್ತಾರೆ. ಅದರೊಳಗೆ ಏನನ್ನೂ ಇಡುವುದಿಲ್ಲ, ಬರಿಯ ನಾಲ್ಕು ಗೋಡೆ. ಮಕ್ಕಳು ಅಲ್ಲಿ ಕಾಡು ಮಾಡಿಕೊಳ್ಳಲಿ, ಕಡಲು ಮಾಡಿಕೊಳ್ಳಲಿ, ಬಾಗಿಲು ಎಳೆದುಕೊಂಡರೆ ಮುಗಿಯಿತು. ಹೊರಗೆ ನಾವು ಹಪ್ಪಳ ಒತ್ತುತ್ತಾ ಕೂರಬಹುದು. ನಮ್ಮ ಮನೆಯಲ್ಲೂ ಅಂಥದ್ದೊಂದು ಕೋಣೆಯಿತ್ತು. ನನ್ನ ಹೆಣ್ಣುಮಕ್ಕಳಿಬ್ಬರೂ ಅದರಲ್ಲಿ ಆಡಿ ದೊಡ್ಡವರಾದರು, ಒಂದನ್ನೂ ಬಾಕಿ ಉಳಿಸದೆ ಎಲ್ಲ ಆಟವನ್ನೂ ಮುಗಿಸಿ, ಮದುವೆಯಾಗಿ ಹೋದರು. ಕೋಣೆ ಖಾಲಿ ಬಿತ್ತು. ಖಾಲಿ ಕೋಣೆಯನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ. ಮೊದಲು ಒಂದೇ ಒಂದು ಉಪ್ಪಿನಕಾಯಿ ಜಾಡಿ ಇಟ್ಟೆ.

ಆಮೇಲೆ ನನ್ನ ಮೈದುನ ಮರುಳಪ್ಪ ತನ್ನ ಚಾಪೆಯ ಕಟ್ಟುಗಳನ್ನು ತಂದು ಒಟ್ಟಿದ. ಅವನದು ಚಾಪೆ ವ್ಯಾಪಾರ. ಒಳ್ಳೆಯವನೇ; ಆದರೆ ಸಿಟ್ಟು ಮೂಗಿನ ತುದಿಯಲ್ಲಿ, ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಂತೂ ಅವನಿಗೆ ಬಾರದ ವಿದ್ಯೆ. ಅವನ ಅಣ್ಣ, ಅಂದರೆ ನಮ್ಮ ಯಜಮಾನರು, ಇದಕ್ಕೆ ತಿರುಗಾಮುರುಗ. ಬೆಳಗಿನ ಪೇಪರನ್ನು ಸಂಜೆಯ ತನಕ ಓದುವ ಜನ. ಮರುಳಪ್ಪನ ಹೆಂಡತಿ ನೀಲಾಂಬಿಕೆ, ನಾವೆಲ್ಲ ಕರೆಯುವುದು ನೀಲಾ ಎಂದು. ಅವರಿಗೆ ಎರಡು ಮಕ್ಕಳು, ಶಾಂಭವಿ ದೊಡ್ಡವಳು, ಬಸು ಚಿಕ್ಕವನು. ಆ ಮಕ್ಕಳು ಆಟದ ಕೋಣೆಗೆ ಹೋದರೆ ಒಂದು ಕಡೆಯಿಂದ ನಾನು ಜಾಡಿ ಒಡೆದೀರಿ ಎನ್ನುತ್ತಿದ್ದೆ, ಇನ್ನೊಂದು ಕಡೆಯಿಂದ ಮರುಳಪ್ಪ ಚಾಪೆ ತುಳಿದೀರಿ ಎನ್ನುತ್ತಿದ್ದ. ಅವು ಹೋಗುವುದನ್ನೇ ಬಿಟ್ಟವು. ಶಾಂಭವಿ ನಡುಮನೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತಿರುತ್ತಿದ್ದಳು. ಎಷ್ಟು ಗಂಭೀರವಾದ ಹುಡುಗಿ ಎಂದು ನಾವು ಹೊಗಳಿಕೊಂಡೆವು.

ಒಂದು ದಿನ ಚಾಪೆಯ ಕಟ್ಟೊಂದು ಜಾರಿ ನನ್ನ ಮಾವಿನಮಿಡಿಯ ಜಾಡಿಯ ಮೇಲೆ ಬಿತ್ತು. ಜಾಡಿ ಒಡೆಯಿತು. ವರ್ಷಕ್ಕಾಗುವಷ್ಟು ಮಿಡಿ ಹೋಯಿತೆಂದು ನಾನು, ಹೊಸ ಚಾಪೆಗೆಲ್ಲ ಖಾರದ ರಸ ಹಿಡಿಯಿತೆಂದು ಅವನು. ನೀಲಾ ಗಂಡನ ಪರ ನಿಂತಳು. ನನಗೆ ಅದು ತಡೆಯಲಿಲ್ಲ. ಅವಳ ತವರಿನ ಸುದ್ದಿಯನ್ನೆಲ್ಲ ಎಳೆದು ತಂದೆ. ಅವಳೇನು ಕಡಿಮೆಯೇ, ನನ್ನದನ್ನೂ ತಂದಳು. ಕೊನೆಗೆ ಮರುಳಪ್ಪ ಚಾಪೆ ಕಟ್ಟಿಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಬಗ್ಗಿ, ನಡುಮನೆಯ ಈ ಗೋಡೆಯಿಂದ ಆ ಗೋಡೆಯ ತನಕ ಗೆರೆ ಎಳೆದುಬಿಟ್ಟ. ಹಿಂದಿನ ಭಾಗ ನಮ್ಮದಂತೆ, ಮುಂದಿನದು ಅವರದಂತೆ, ಆದಷ್ಟು ಬೇಗ ಗೋಡೆ ಎಬ್ಬಿಸುತ್ತಾನಂತೆ.

ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾರೂ ಮಗು ನೋಡುತ್ತಿರುವಾಗ ನೆಲದ ಮೇಲೆ ಗೆರೆ ಎಳೆಯುವುದಿಲ್ಲ. ರಂಗೋಲಿಯನ್ನೂ ನಾವು ಮಕ್ಕಳು ಏಳುವ ಮುಂಚೆ ಹಾಕಿ ಮುಗಿಸುತ್ತೇವೆ. ಸಿಟ್ಟಿನಲ್ಲಿ ಮರುಳಪ್ಪನಿಗೆ ಅದು ಮರೆತೇ ಹೋಗಿತ್ತು. ಕಂಬಕ್ಕೆ ಒರಗಿ ಕೂತಿದ್ದ ಶಾಂಭವಿ ಆ ಗೆರೆಯನ್ನು ನೋಡಿದಳು, ನಮ್ಮೆಲ್ಲರ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಅಂದಳು: "ಇದು ಹೊಳೆ."

ಆಯಿತಲ್ಲ. ಈ ಗೋಡೆಯ ಬುಡದಿಂದ ನೀರು ಬಂತು, ಆ ಗೋಡೆಯ ಬುಡದೊಳಗೆ ಹೋಯಿತು. ನೋಡುವುದಕ್ಕೆ ಇಷ್ಟೇ ಅಗಲ, ದಾಟುವುದಕ್ಕೆ ಹೊರಟರೆ ಒಂದು ಹಾಡು ಹೇಳಿ ಮುಗಿಸುವಷ್ಟು ದೂರ; ನೀರಿಗಿಳಿದು ನಡೆದರೆ ಹೊರಟ ದಡಕ್ಕೇ ಬಂದು ಸೇರುತ್ತೇವೆ. ನಾನೂ ನಮ್ಮ ಯಜಮಾನರೂ ಈ ದಡದಲ್ಲಿ, ಅವರು ನಾಲ್ವರು ಆ ದಡದಲ್ಲಿ. ಒಲೆ, ಬಚ್ಚಲು, ಬಾವಿ ನಮ್ಮ ಕಡೆ. ಬೀದಿ ಬಾಗಿಲು, ದೇವರ ಕೋಣೆ, ಪಡಸಾಲೆ ಅವರ ಕಡೆ. ಹಿತ್ತಲಿನಿಂದ ಸುತ್ತಿ ಬರಬಹುದಲ್ಲ ಎನ್ನುತ್ತೀರೇನೋ. ನಮ್ಮ ಹಿತ್ತಲಿಗೆ ಬಾಗಿಲಿಲ್ಲ, ಮೂರೂ ಕಡೆ ಪಕ್ಕದ ಮನೆಯವರ ಗೋಡೆ. ಸ್ನಾನವಿಲ್ಲದೆ ಅವರಿಗಾಗದು, ಬೀದಿಗೆ ಹೋಗದೆ ನಮಗಾಗದು. ಶಾಂಭವಿಯನ್ನು ಎಲ್ಲರೂ ಪುಸಲಾಯಿಸಿದೆವು. ಆಟ ಈಗ ತಾನೇ ಶುರುವಾಗಿದೆ ಎಂದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

ಪುಣ್ಯಕ್ಕೆ ಹುಡುಗಿ ದೋಣಿಯನ್ನೂ ಕೊಟ್ಟಳು. ಮದುವೆ ಅಡುಗೆಯ ಕಾಲದ ತಾಮ್ರದ ಕೊಪ್ಪರಿಗೆಯೊಂದು ಅಟ್ಟದ ಮೇಲಿತ್ತು; ಅದು ಹರಿಗೋಲಾಯಿತು. ನನ್ನ ಮುದ್ದೆ ತಿರುವುವ ಕೋಲು ಹುಟ್ಟಾಯಿತು. ದೋಣಿ ನಡೆಸುವುದು ಮಕ್ಕಳೇ ಆಗಬೇಕು, ದೊಡ್ಡವರು ಹುಟ್ಟು ಮುಟ್ಟಿದರೆ ದೋಣಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ಒಳಗೆ ಕೂತವರು ಎದುರುಬದುರು ಮುಖ ಮಾಡಿ ಕೂರಬೇಕು. ಅಕ್ಕನಿಗೆ ಶಾಲೆ ಇರುವಾಗ ಬಸುವೇ ಅಂಬಿಗ. ಅವನಿಗೆ ಒಂದು ಹಿಡಿ ಹುರಿಗಡಲೆ ಬೆಲ್ಲ ಕೈಗೆ ಬೀಳದೆ ದೋಣಿ ಹೊರಡುವುದಿಲ್ಲ. ಎಷ್ಟೋ ಸಲ ಆ ದಡಕ್ಕೆ ಹೋಗಿ ಅಲ್ಲೇ ಕೊಪ್ಪರಿಗೆಯೊಳಗೆ ಮಲಗಿಬಿಡುತ್ತಿದ್ದ, ಈ ದಡದಲ್ಲಿ ನಾನು ಬಿಸಿ ಪಾತ್ರೆ ಹಿಡಿದು ನಿಂತಿರುತ್ತಿದ್ದೆ. ಮುದ್ದೆ ಮಾಡೋಣವೆಂದರೆ ಕೋಲೂ ಅವನ ಹತ್ತಿರವೇ.

ಗೋಡೆ ಏಳುವ ತನಕ ಒಲೆ ಒಂದೇ ಆದ್ದರಿಂದ ನೀಲಾ ಅಡುಗೆಗೆ ನಮ್ಮ ದಡಕ್ಕೆ ಬರಲೇಬೇಕಿತ್ತು, ಬಡಿಸುವುದಕ್ಕೆ ನಾನು ಆ ದಡಕ್ಕೆ ಹೋಗಲೇಬೇಕಿತ್ತು. ಮೊದಮೊದಲು ಇಬ್ಬರ ನಡುವೆ ಒಂದು ಮಾತಿಲ್ಲ. ಎದುರು ಕೂತರೂ ನಾನು ಸೂರು ನೋಡುವುದು, ಅವಳು ಸಾರಿನ ಪಾತ್ರೆ ನೋಡುವುದು. ಒಂದು ಮಧ್ಯಾಹ್ನ ನನಗೆ ಅವಳ ಮುಖ ಕಂಡರೇ ಆಗದಂಥ ಸಿಟ್ಟು ಬಂದು ಬೆನ್ನು ಹಾಕಿ ಕೂತೆ. ಅವಳೂ ಬೆನ್ನು ಹಾಕಿದಳು. ನಡುಹೊಳೆಯಲ್ಲಿ ಕೊಪ್ಪರಿಗೆ ಮಗುಚಿತು. ಬಸು ಅಷ್ಟು ಹೊತ್ತಿಗೆ ಕಪ್ಪೆಯ ಹಾಗೆ ದಡಕ್ಕೆ ಹಾರಿದ್ದ. ನಾವಿಬ್ಬರು ಸೊಂಟದ ತನಕ ನೀರಿನಲ್ಲಿ ನಿಂತೆವು. ಆ ದಿನದ ನುಗ್ಗೆಕಾಯಿ ಸಾರು ಪೂರ್ತಿ ತೇಲಿ ಹೋಗುತ್ತಿತ್ತು, ಒಂದು ನುಗ್ಗೆಕಾಯಿ ಹೋಳು ಮಾತ್ರ ನೀಲಾಳ ತುರುಬಿಗೆ ಸಿಕ್ಕಿಕೊಂಡು ನಿಂತಿತ್ತು. ನಾನು ನಗಬಾರದು ಎಂದೇ ತುಟಿ ಕಚ್ಚಿದೆ. ಅವಳು ಕೈಯಾಡಿಸಿ ಅದನ್ನು ತೆಗೆದು ನೋಡಿ, "ಅಕ್ಕ, ಉಪ್ಪು ಸರಿಯಾಗಿದೆಯಾ ನೋಡ್ತೀರಾ?" ಅಂದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಎಲೆಯ ಮುಂದೆ ಕೂತಿದ್ದ ಗಂಡಸರು ಏನಾಯಿತೆಂದು ಎದ್ದು ಬಂದರು.

ಅಲ್ಲಿಂದ ಮುಂದೆ ಆ ಹರಿಗೋಲು ನಮಗೆ ಕೂರುವ ಜಾಗವಾಯಿತು. ಯೋಚಿಸಿದರೆ ಆಶ್ಚರ್ಯವಾಗುತ್ತದೆ, ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ನಾವಿಬ್ಬರು ಒಟ್ಟಿಗೆ ಕೂತದ್ದೇ ಇರಲಿಲ್ಲ. ಒಬ್ಬಳು ಬೀಸಿದರೆ ಒಬ್ಬಳು ರುಬ್ಬುವುದು, ಒಬ್ಬಳು ಒಳಗಿದ್ದರೆ ಒಬ್ಬಳು ಹೊರಗೆ. ಈಗ ಬೇರೆ ದಾರಿಯಿಲ್ಲದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಅವರೆಕಾಯಿ ಸುಲಿಯುವುದನ್ನು ದೋಣಿಗೇ ತೆಗೆದುಕೊಂಡು ಹೋಗತೊಡಗಿದೆವು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹುಳಿಗೆ ಎರಡು ಸಲ ಉಪ್ಪು ಹಾಕಿದ್ದಳಂತೆ. ನಾನು ಮಾತಾಡದೆ ಉಂಡು ಎದ್ದೆನಂತೆ. ಇವತ್ತು ಬೈಯುತ್ತಾರೆ, ನಾಳೆ ಬೈಯುತ್ತಾರೆ ಎಂದು ಆವತ್ತಿನಿಂದ ಕಾಯುತ್ತಲೇ ಇದ್ದಾಳಂತೆ. ನನಗೋ ಆ ಹುಳಿಯ ನೆನಪೇ ಇಲ್ಲ. ಸುಳ್ಳೇಕೆ ಹೇಳಲಿ, ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆ ಕೊಪ್ಪರಿಗೆಯಲ್ಲಿ. ಕೆಲಸವಿಲ್ಲದಿದ್ದರೂ ಒಮ್ಮೊಮ್ಮೆ ದಾಟಿ ಬರೋಣವೇ ಎಂದು ನಾನೇ ಕರೆಯುತ್ತಿದ್ದೆ.

ಮರುಳಪ್ಪ ಮಾತ್ರ ಜಗ್ಗಲಿಲ್ಲ. ಅಣ್ಣನ ಜೊತೆ ಒಂದೇ ದೋಣಿಯಲ್ಲಿ ಕೂರಲು ಒಪ್ಪದೆ, ಅವರು ದಾಟಿದ ಮೇಲೆ ತಾನು ದಾಟುತ್ತಿದ್ದ. ಗೋಡೆಗೆಂದು ಇಟ್ಟಿಗೆ ತರಿಸಿ ಪಡಸಾಲೆಯಲ್ಲಿ ಜೋಡಿಸಿದ. ಗಾರೆ ಕೆಲಸದ ಮುನಿಸ್ವಾಮಿ ಬಂದು ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೀರಿಗೆ ಬೆರಳದ್ದಿ ನೋಡಿ, ಹರಿಯುವ ನೀರಿನಲ್ಲಿ ಪಾಯ ತೆಗೆಯುವ ಕೆಲಸ ತನಗೆ ಬಾರದು, ಮೊದಲು ಹುಡುಗಿಯ ಹತ್ತಿರ ಆಟ ಮುಗಿಸಿ ಆಮೇಲೆ ಕರೆಯಿರಿ ಎಂದು ಕಾಫಿ ಕುಡಿದು ಹೋದ.

ಅಷ್ಟರಲ್ಲಿ ಶಾಂಭವಿಯ ಹಲ್ಲುಗಳು ಒಂದೊಂದಾಗಿ ಉದುರುತ್ತಿದ್ದವು. ಕೊನೆಗೆ ಬಲಗಡೆ ಒಳಗೆ ಒಂದು ದವಡೆ ಹಲ್ಲು ಮಾತ್ರ ಉಳಿಯಿತು, ಅದೂ ಅಲ್ಲಾಡತೊಡಗಿತು. ಮರುಳಪ್ಪನಿಗೆ ನಿದ್ದೆ ಹಾರಿಹೋಯಿತು. ಅವಳು ಆಟ ಮುಗಿಸುವ ಮೊದಲು ಅದು ಬಿದ್ದರೆ ಗೋಡೆಯ ಆಸೆ ಬಿಟ್ಟಂತೆಯೇ. ಬೆಳಗಾದರೆ ಟಾರ್ಚ್ ಹಿಡಿದು ಮಗಳ ಬಾಯಿ ತೆರೆಸಿ ನೋಡುವುದು, ನಿಟ್ಟುಸಿರು ಬಿಡುವುದು. ಕೊಬ್ಬರಿ ಮಿಠಾಯಿ ಬೇಡ, ಕಬ್ಬು ಬೇಡ, ಹುರಿದ ಶೇಂಗಾ ಬೇಡ. ಬಾಳೆಹಣ್ಣು ತಿನ್ನು, ಇಡ್ಲಿ ತಿನ್ನು. ಸಂಜೆಗೆ ತಾನೇ ಮೆತ್ತನೆಯ ಬನ್ನು ತಂದು ಹಾಲಿನಲ್ಲಿ ಅದ್ದಿ ಕೊಡುತ್ತಿದ್ದ. ಮಗಳನ್ನು ಅಷ್ಟು ಮುದ್ದಿನಿಂದ ಅವನು ಯಾವತ್ತೂ ನೋಡಿಕೊಂಡಿರಲಿಲ್ಲ ಎಂದು ನೀಲಾ ನಗುತ್ತಿದ್ದಳು. ಕೊನೆಗೊಂದು ಶುಕ್ರವಾರ ಅವನು ಶಾಂಭವಿಯನ್ನು ಹತ್ತಿರ ಕೂರಿಸಿಕೊಂಡು, ಇಷ್ಟು ದಿನ ಆಡಿದ್ದು ಸಾಕಲ್ಲವೇ, ನಾಳೆ ದಿನ ಚೆನ್ನಾಗಿದೆ, ಮುನಿಸ್ವಾಮಿಯೂ ಬರುತ್ತಾನೆ, ನಾಳೆ ಮುಗಿಸಿಬಿಡು ಎಂದು ಬೇಡಿಕೊಂಡ. ಅಪ್ಪ ಹಾಗೆ ಬೇಡಿಕೊಂಡದ್ದು ಅವಳಿಗೆ ತಟ್ಟಿತು. ಆಗಲಿ ಎಂದು ತಲೆಯಾಡಿಸಿದಳು.

ಆದರೆ ಸಂಜೆ ದೋಣಿ ಹಾಕಿಕೊಂಡು ಒಬ್ಬಳೇ ನನ್ನ ಹತ್ತಿರ ಬಂದಳು. ನಾನು ಅಕ್ಕಿ ಆರಿಸುತ್ತಿದ್ದೆ. ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಲ್ಲು ಹೆಕ್ಕಿದಳು.

"ದೊಡ್ಡಮ್ಮ, ಹೊಳೆ ಹೋದ್ರೆ ಕೆಳಗೆ ಆ ಗೆರೆ ಇರುತ್ತಾ?"

ಇಷ್ಟು ದಿನ ಆ ಮಗು ಆಡುತ್ತಿದೆ ಎಂದುಕೊಂಡಿದ್ದೆವು. ಆಡುತ್ತಲೂ ಇತ್ತು, ಅದರ ಜೊತೆಗೆ ನಮ್ಮ ಗೆರೆಯನ್ನು ನೀರಿನಲ್ಲಿ ಮುಚ್ಚಿಟ್ಟುಕೊಂಡು ಕಾಯುತ್ತಲೂ ಇತ್ತು. ನಿಮ್ಮಪ್ಪನನ್ನೇ ಕೇಳೋಣ ಎಂದೆ.

ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುವ ಹೊತ್ತಿಗೆ ದಡದಲ್ಲಿ ನಿಂತು, ಯಾರಿಗೂ ಕೇಳಿಸಲಿಲ್ಲ ಎನ್ನುವ ಹಾಗಾಗಬಾರದೆಂದು ಗಟ್ಟಿಯಾಗಿಯೇ ಕೇಳಿದೆ. ಮರುಳಪ್ಪ ಪಡಸಾಲೆಯ ಇಟ್ಟಿಗೆಗಳನ್ನು ಹೊಳೆಯ ಕಡೆಗೆ ಸರಿಸುತ್ತಿದ್ದ. ನನ್ನ ಕಡೆ ನೋಡಲಿಲ್ಲ. "ಗೆರೆ ಯಾಕಿರುತ್ತೆ ಅತ್ತಿಗೆ," ಅಂದ, "ಗೋಡೆ ಇರುತ್ತೆ."

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಯಾವತ್ತೋ ಇಳಿದಿತ್ತು. ಆಡಿದ ಮಾತೊಂದು ಬಾಕಿ ಇತ್ತು, ಅದನ್ನು ತೀರಿಸುವುದು ಹೇಗೆಂದು ಮಾತ್ರ ಅವನಿಗೆ ಗೊತ್ತಿತ್ತು. ಬಿಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ನೇರ ಅಡುಗೆಮನೆಗೆ ಹೋಗಿ ಬಾಣಲೆ ಇಟ್ಟೆ.

ಚಕ್ಕುಲಿ ಮಾಡುವುದರಲ್ಲಿ ನನ್ನ ಹೆಸರು ನಾಲ್ಕು ಬೀದಿಗೆ ಗೊತ್ತು. ಬೆಣ್ಣೆ ಧಾರಾಳವಾಗಿ ಹಾಕಿ, ಬಾಯಿಗಿಟ್ಟರೆ ತಾನಾಗಿ ಮುರಿಯುವ ಹಾಗೆ ಮಾಡುತ್ತೇನೆ. ಆವತ್ತು ಒಂದು ಚೂರು ಬೆಣ್ಣೆ ಹಾಕಲಿಲ್ಲ. ಬರೀ ಅಕ್ಕಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಒತ್ತಿ, ಎಣ್ಣೆಯಲ್ಲಿ ಕೆಂಪಗೆ ಕರಿದೆ. ಹಬ್ಬವಿಲ್ಲ, ನೆಂಟರಿಲ್ಲ, ಚಕ್ಕುಲಿಯ ವಾಸನೆ ಏಕೆ ಬಂತೆಂದು ನೀಲಾ ದಾಟಿ ಬಂದಳು. ಬೆಣ್ಣೆಯ ಗಡಿಗೆ ಮುಚ್ಚಿದ ಹಾಗೆಯೇ ಇರುವುದನ್ನು ನೋಡಿದಳು. ತಟ್ಟೆಯಿಂದ ಒಂದನ್ನು ತೆಗೆದು ಮುರಿಯಲು ಹೋದಳು, ಮುರಿಯಲಿಲ್ಲ.

"ಅಕ್ಕ, ಇದು ಕಲ್ಲಾಗಿದೆ," ಅಂದಳು.

"ಹೌದು," ಅಂದೆ.

ಚಕ್ಕುಲಿಯನ್ನು ಮರಳಿ ತಟ್ಟೆಗೆ ಇಟ್ಟಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಮಗಳಿಗೆ ಇದನ್ನು ನನ್ನ ಕೈಯಿಂದಲೇ ಕೊಡುತ್ತೇನೆ ಎಂದು ತಟ್ಟೆ ತೆಗೆದುಕೊಂಡಳು. ಇಬ್ಬರೂ ದೋಣಿ ಹತ್ತಿದೆವು. ಶಾಂಭವಿ ಹುಟ್ಟು ಹಾಕುತ್ತಿದ್ದಳು. ನಡುಹೊಳೆ ಬಂದಾಗ ನೀಲಾ ಮಗಳಿಗೆ ನಿಲ್ಲಿಸಲು ಹೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಿಂದರೆ ಹಲ್ಲು ಬೀಳುತ್ತದೆ, ಬಿದ್ದರೆ ಹೊಳೆ ಇಲ್ಲೇ ಉಳಿಯುತ್ತದೆ, ಆಮೇಲೆ ನಿನ್ನ ಆಟದ ಮಾತು ಯಾವುದೂ ನಡೆಯುವುದಿಲ್ಲ. ಅಪ್ಪನಿಗೆ ಕೊಟ್ಟ ಮಾತನ್ನು ಉಳಿಸಬೇಕು ಅನ್ನಿಸಿದರೆ ತಿನ್ನಬೇಡ, ನಾವೇನೂ ಅಂದುಕೊಳ್ಳುವುದಿಲ್ಲ.

ಹುಡುಗಿ ಚಕ್ಕುಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಕಣ್ಣಲ್ಲಿ ನೀರು ಬಂತು. ಆಟದ ಮಾತು ಹೋಗುವುದೆಂದರೆ ಏನೆಂದು ನಮ್ಮೂರಿನ ಪ್ರತಿಯೊಬ್ಬರಿಗೂ ಗೊತ್ತು, ನನ್ನದು ಹೋದ ದಿನ ನಾನು ಊಟ ಬಿಟ್ಟಿದ್ದೆ. ಅವಳು ಅದನ್ನು ಬಲದವಡೆಗೆ ಇಟ್ಟುಕೊಂಡು ಇನ್ನೇನು ಕಚ್ಚಬೇಕು, ಅಷ್ಟರಲ್ಲಿ ಹೊರಗೆ ತೆಗೆದಳು.

"ಇರಿ. ಮೀನು ಹೇಳೋದು ಮರೆತಿದ್ದೆ," ಅಂದಳು. ಬಗ್ಗಿ ನೀರು ನೋಡಿ, "ಇದರಲ್ಲಿ ಮೀನಿವೆ. ಸಣ್ಣವು, ತುಂಬ. ದೋಣಿ ಬಂದ್ರೆ ಜೊತೇಲೇ ಬರ್ತವೆ."

ಬೆಳ್ಳಗೆ ಮಿಂಚಿಕೊಂಡು ಬಂದವು. ಅವನ್ನು ಕಣ್ತುಂಬ ನೋಡಿ, ಮೂಗು ಒರೆಸಿಕೊಂಡು, ಶಾಂಭವಿ ಕಟಕ್ಕೆಂದು ಕಚ್ಚಿದಳು. ಹಲ್ಲು ಅಂಗೈಗೆ ಬಂತು. ಬೇರೆ ಮಕ್ಕಳು ಹಲ್ಲನ್ನು ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತಾರೆ. ಇವಳು ಹೊಳೆಗೆ ಹಾಕಿದಳು. ಮೀನುಗಳು ಮುತ್ತಿ, ಮೂಸಿ ನೋಡಿ ಬಿಟ್ಟವು.

ಆ ದಡದಲ್ಲಿ ಮರುಳಪ್ಪ ಎಲ್ಲವನ್ನೂ ನೋಡುತ್ತ ನಿಂತಿದ್ದ. ಕೂಗಾಡುತ್ತಾನೆ ಎಂದುಕೊಂಡು ನೀಲಾ ನನ್ನ ಕೈ ಹಿಡಿದಳು. ಅವನು ಕೂಗಾಡಲಿಲ್ಲ. ಇಟ್ಟಿಗೆಗಳ ಮೇಲೆ ಕೂತ. ತುಂಬ ಭಾರ ಹೊತ್ತು ನಡೆದವನು ಕೂರುವ ಹಾಗೆ ಕೂತು, ಎರಡು ಕೈಯಿಂದ ಮುಖ ಉಜ್ಜಿಕೊಂಡ. ಮುನಿಸ್ವಾಮಿ ಕರಣೆ ಹಿಡಿದು ಬಂದವನು ಬಾಗಿಲಲ್ಲೇ ವಿಷಯ ತಿಳಿದುಕೊಂಡು ತಿರುಗಿ ಹೋದ. ಶಾಂಭವಿ ದೋಣಿಯನ್ನು ನಮ್ಮ ದಡಕ್ಕೇ ತಿರುಗಿಸಿದಳು. ನಾನೂ ನೀಲಾಳೂ ಒಲೆಯ ಮುಂದೆ ಮಧ್ಯಾಹ್ನದ ಅಡುಗೆಗೆ ಕೂತೆವು. ಹುಳಿಗೆ ಒಗ್ಗರಣೆ ಬಿದ್ದ ಸ್ವಲ್ಪ ಹೊತ್ತಿಗೆ ಆ ದಡದಿಂದ ಧ್ವನಿ ಬಂತು.

"ಅತ್ತಿಗೆ, ದೋಣಿ ಈ ಕಡೆ ಬರುತ್ತಾ?"

ನಾನು ಉತ್ತರ ಕೊಡುವ ಮೊದಲೇ ಪಡಸಾಲೆಯ ಮೂಲೆಯಲ್ಲಿ ಪೇಪರ್ ಮಡಿಸಿದ ಸದ್ದು ಕೇಳಿಸಿತು. "ತಡಿಯೋ ಮರುಳ, ನಾನೂ ಬರ್ತೀನಿ," ಎಂದರು ನಮ್ಮ ಯಜಮಾನರು. ಆ ವರ್ಷ ಅವರು ತಮ್ಮನಿಗೆ ಹೇಳಿದ ಮೊದಲ ಮಾತು ಅದು. ಅಣ್ಣ ತಮ್ಮ ಇಬ್ಬರೂ ದಪ್ಪನೆಯವರು. ಕೊಪ್ಪರಿಗೆಯಲ್ಲಿ ಹೊಟ್ಟೆಗೆ ಹೊಟ್ಟೆ ತಾಗಿಸಿಕೊಂಡು, ನಿಯಮವಿದ್ದದ್ದರಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಶಾಂಭವಿ ಬೇಕೆಂತಲೇ ನಿಧಾನವಾಗಿ ಹುಟ್ಟು ಹಾಕಿದಳು. ಮೀನುಗಳು ಜೊತೆಯಲ್ಲಿ ಬಂದವು. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಈ ದಡಕ್ಕೆ ಬಂದಾಗ ಮರುಳಪ್ಪ ಮೂಗು ಸೀನಿಕೊಳ್ಳುತ್ತಿದ್ದ, ನಮ್ಮವರು ಚಕ್ಕುಲಿ ಇನ್ನೂ ಉಳಿದಿದೆಯೇ ಎಂದು ಕೇಳಿದರು. ಅದನ್ನು ತಿನ್ನಲು ಹೋಗಿ ಅವರ ಕಟ್ಟಿಸಿದ ಹಲ್ಲೂ ಹೋಯಿತು. ಅದು ಬೇರೆ ಕಥೆ.

ಗೋಡೆಗೆ ತಂದ ಇಟ್ಟಿಗೆಯಿಂದ ಮುನಿಸ್ವಾಮಿ ಎರಡೂ ದಡಕ್ಕೆ ಮೆಟ್ಟಿಲು ಕಟ್ಟಿಕೊಟ್ಟ. ಕಾಲು ಇಳಿಬಿಟ್ಟು ಕೂರುವುದಕ್ಕೆ ಬಹಳ ಚೆನ್ನಾಗಿದೆ. ಆಟದ ಕೋಣೆಯಿಂದ ನನ್ನ ಜಾಡಿಗಳನ್ನೂ ಅವನ ಚಾಪೆಗಳನ್ನೂ ಎಲ್ಲರೂ ಸೇರಿ ಹೊರಗೆ ಹಾಕಿ, ಗುಡಿಸಿ, ಬಸುವಿನ ಕೈಗೆ ಒಪ್ಪಿಸಿದೆವು. ಅವನ ಬಾಯಿ ತುಂಬ ಇನ್ನೂ ಹಾಲುಹಲ್ಲು, ನಾವು ಎಚ್ಚರದಿಂದಿರಬೇಕು. ಸದ್ಯಕ್ಕೆ ಅಲ್ಲಿ ಒಂದು ಹುಲಿಯಿದೆಯಂತೆ; ಬಾಗಿಲು ತಟ್ಟದೆ ನಾವ್ಯಾರೂ ಹೋಗುವುದಿಲ್ಲ. ಶಾಂಭವಿ ಈಗ ಮಾತಾಡಿದರೆ ಬರೀ ಮಾತು. ಮೊದಮೊದಲು ಮಂಕಾಗಿದ್ದಳು, ಆಮೇಲೆ ಸಂಜೆ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಅನ್ನದ ಅಗುಳು ಹಾಕುವಾಗ ತಮ್ಮನಿಗೆ ಆಟ ಹೇಳಿಕೊಡುವುದನ್ನು ಕಂಡೆ.

ಆದ್ದರಿಂದ ಹೇಳುತ್ತಿದ್ದೇನೆ, ಎಲೆಯ ಮುಂದೆ ಕೂತು ಗೊಣಗಬೇಡಿ. ಅಡುಗೆ ಆಗಿದೆ. ಈಗ ಶಾಂಭವಿ ಶಾಲೆಗೆ ಹೋಗಿದ್ದಾಳೆ, ಅಂಬಿಗ ಆ ದಡದಲ್ಲಿ ನಿಮ್ಮ ಪಕ್ಕದಲ್ಲೇ ದೋಣಿಯೊಳಗೆ ಮಲಗಿದ್ದಾನೆ. ಅವನು ತಾನಾಗಿ ಏಳಲಿ. ನಾನು ಇಲ್ಲಿ ಸಾರು ಬಿಸಿ ಮಾಡುತ್ತಿರುತ್ತೇನೆ.